ರಜೆಯ ಏಳು ವಾರಗಳು
(ಆದವಾನಿ ಭಾಗದ ಹಳ್ಳಿಯೊಂದರ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮುಚ್ಚಿದ ನಮ್ಮ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಜೂನ್ 12ರ ಸುಮಾರಿಗೆ. ನಡುವೆ ಏಳು ವಾರಗಳು. ಈ ಸೀಮೆಯ ಬಿಸಿಲಿನಲ್ಲಿ ಮಕ್ಕಳಿಗೆ ವಿಶ್ರಾಂತಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ರಜೆಯನ್ನು ಇನ್ನೊಂದು ಶಾಲೆಯನ್ನಾಗಿ ಮಾಡಿರೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಬೇವಿನ ನೆರಳಿನಲ್ಲಿ ಮನದಣಿಯೆ ಆಡದ ಮಗು ಜೂನ್ ತಿಂಗಳಲ್ಲಿ ಪಾಠವನ್ನೂ ಕೇಳಲಾರದು. ನಾನು ತಮ್ಮಲ್ಲಿ ಬೇಡುವುದು ದಿನಕ್ಕೆ ಕಾಲು ಗಂಟೆ ಮಾತ್ರ.

ಒಂದು ಮತ್ತು ಎರಡನೆಯ ತರಗತಿಯ ಮಕ್ಕಳನ್ನು ಪ್ರತಿ ಜೂನ್ ತಿಂಗಳಲ್ಲಿಯೂ ನೋಡುತ್ತ ಬಂದಿದ್ದೇನೆ. ಅವರು ಅಕ್ಷರಮಾಲೆಯನ್ನು ಮರೆತಿರುವುದಿಲ್ಲ. ಕಾಗುಣಿತವೂ ಅಷ್ಟಿಷ್ಟು ಉಳಿದಿರುತ್ತದೆ. ಮೊದಲು ಜಾರಿಹೋಗುವುದು ಒತ್ತಕ್ಷರ. ‘ಅಮ್ಮ’, ‘ಹಳ್ಳಿ’ ಎಂದು ನಿರಾಯಾಸವಾಗಿ ಓದುವ ಹುಡುಗ ‘ಪುಸ್ತಕ’, ‘ನಕ್ಷತ್ರ’ ಎಂಬಲ್ಲಿಗೆ ಬಂದೊಡನೆ ನಿಂತು ಗುರುಗಳ ಮುಖ ನೋಡುತ್ತಾನೆ. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಅಂತಹ ಪದಗಳಿಲ್ಲದ ಪಾಠವೇ ಇಲ್ಲವಾದುದರಿಂದ ಆ ಹುಡುಗನಿಗೆ ಸಾಲು ಸಾಲಿಗೂ ತಡೆಯುಂಟಾಗಿ, ಓದೆಂದರೆ ಬೇಸರ ಹುಟ್ಟುತ್ತದೆ.

ಮರೆವು ಎಲ್ಲ ಊರಿನ ಮಕ್ಕಳಿಗೂ ಇರುವುದೇ. ಆದರೆ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇರುವ ಮಗುವಿಗೆ ರಜೆಯಲ್ಲಿ ಬೀದಿಯೇ ಪಾಠ ಹೇಳುತ್ತದೆ. ಅಂಗಡಿಯ ಫಲಕ, ಬಸ್ಸಿನ ಹಲಗೆ, ಗೋಡೆಯ ಜಾಹೀರಾತು ಎಲ್ಲವೂ ಅಲ್ಲಿ ಕನ್ನಡ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳ ಕಿವಿಗೆ ಬೀಳುವ ಮಾತು ಒಂದು, ಹಾದಿಯಲ್ಲಿ ಕಣ್ಣಿಗೆ ಬೀಳುವ ಲಿಪಿ ಇನ್ನೊಂದು. ಎರಡು ಲಿಪಿಗಳೂ ಒಡಹುಟ್ಟಿದವು. ಗ, ಚ, ರ, ಲ, ಸ ಇವು ತಲೆಕಟ್ಟಿನ ವ್ಯತ್ಯಾಸವೊಂದನ್ನು ಬಿಟ್ಟರೆ ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ಕ, ತ, ಶ ಇವು ಬೇರೆ. ಒಂದರಲ್ಲಿ ಕೈ ಕುದುರಿದ ಮಗು ಇನ್ನೊಂದನ್ನು ಕೆಲವೇ ವಾರಗಳಲ್ಲಿ ಕಲಿಯಬಲ್ಲುದು, ಕಲಿಯಲೂ ಬೇಕು. ತೆಲುಗಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಕಚೇರಿಗೂ ಉದ್ಯೋಗಕ್ಕೂ ಅದು ಬೇಕಾದ ಭಾಷೆ. ಕೈ ಕುದುರದ ಮಗು ಮಾತ್ರ ಎರಡನ್ನೂ ಬೆರೆಸಿ ಎರಡರಲ್ಲಿಯೂ ತಡವರಿಸುತ್ತದೆ.

ಆಗ ಏನಾಗುತ್ತದೆಂಬುದು ತಮಗೆ ತಿಳಿದೇ ಇದೆ. ‘ನಮ್ಮ ಹುಡುಗನಿಗೆ ಕನ್ನಡ ಹತ್ತಲಿಲ್ಲ’ ಎಂದು ತಂದೆ ಅವನನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾನೆ. ಹುಡುಗ ಅಲ್ಲಿ ಮತ್ತೆ ಮೊದಲಿನಿಂದ ತೊಡಗಬೇಕು. ಇತ್ತ ತರಗತಿಯಲ್ಲಿ ಸಂಖ್ಯೆ ಇಳಿದಂತೆ ಉಪಾಧ್ಯಾಯರ ಹುದ್ದೆಯೂ ಅಲುಗಾಡುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ಮೇ ತಿಂಗಳಲ್ಲಿ ಮನೆಯೊಳಗೆ ಪುಸ್ತಕ ತೆರೆಯಿಸುವುದು ಯಾವ ಸರಕಾರದ ಕೈಯಲ್ಲಿಯೂ ಇಲ್ಲ.

‘ನಮಗೇ ಓದು ಬಾರದು, ಮಗುವಿಗೆ ಏನು ಕಲಿಸೋಣ?’ ಎಂದು ತಾಯಂದಿರು ಕೇಳುತ್ತಾರೆ. ಕಲಿಸಬೇಕಾದುದಿಲ್ಲ ತಾಯಿ, ಕೇಳಿಸಿಕೊಂಡರೆ ಸಾಕು. ಬೆಳಿಗ್ಗೆ ಬಿಸಿಲೇರುವ ಮೊದಲು ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಳೆಯ ಪಾಠವೊಂದನ್ನು ಗಟ್ಟಿಯಾಗಿ ಓದಿಸಿರಿ. ಅದರ ಬೆರಳು ಅಕ್ಷರದ ಕೆಳಗೆ ಸರಿಯುತ್ತಿರಬೇಕು. ಬೆರಳು ಒಂದೆಡೆ ನಿಂತು ಬಾಯಿ ಮಾತ್ರ ಓಡುತ್ತಿದ್ದರೆ ಅದು ಓದಲ್ಲ, ಬಾಯಿಪಾಠ. ಆಗ ತಾವು ಯಾವುದಾದರೂ ಒಂದು ಪದದ ಮೇಲೆ ಬೆರಳಿಟ್ಟು, ‘ಇದೇನು?’ ಎಂದು ಕೇಳಿರಿ; ಬಳಿಕ, ‘ಇದೇ ಪದ ಈ ಪುಟದಲ್ಲಿ ಇನ್ನೆಲ್ಲಿದೆ ತೋರಿಸು’ ಎನ್ನಿರಿ. ಒಂದೇ ಆಕಾರದ ಎರಡು ಪದಗಳನ್ನು ಗುರುತಿಸಲು ತಮಗೆ ಅಕ್ಷರಜ್ಞಾನ ಬೇಕಾಗಿಲ್ಲ. ತಪ್ಪಿದರೆ ಗದರಬೇಡಿರಿ. ಹೊಡೆಯುವುದಂತೂ ಕೂಡದು.

ಒತ್ತಕ್ಷರಕ್ಕೆ ಮನೆಯ ನೆಲವೇ ಹಲಗೆ. ಕಡಪ ಕಲ್ಲಿನ ಕರಿಯ ಬಂಡೆ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಒಂದು ಸುಣ್ಣದ ಕಡ್ಡಿಯಿದ್ದರಾಯಿತು. ದಿನಕ್ಕೆ ಐದೇ ಪದ. ಪದಗಳು ಮನೆಯವೇ ಆಗಿರಲಿ: ರೊಟ್ಟಿ, ಬೆಲ್ಲ, ಎಣ್ಣೆ, ಹತ್ತಿ, ಎತ್ತು. ಹೀಗೆ ಒಂದೇ ಅಕ್ಷರ ಇಮ್ಮಡಿಸುವ ಪದಗಳು ಮೊದಲ ಎರಡು ವಾರ ನಡೆಯಲಿ. ಅನಂತರ ಸೂರ್ಯ, ಚಂದ್ರ, ವಸ್ತ್ರ. ಬರೆದುದನ್ನು ಒರೆಸುವ ಮುನ್ನ ಒಮ್ಮೆ ಓದಿಸಿರಿ. ಮಂತ್ರಾಲಯಕ್ಕೆ ಹೋದಾಗ ಅಲ್ಲಿ ನಿಂತಿರುವ ಕರ್ನಾಟಕದ ಬಸ್ಸುಗಳ ಹಲಗೆಗಳನ್ನು ಓದಿಸಿರಿ. ‘ಬಳ್ಳಾರಿ’ ಎಂದು ತಾನೇ ಕೂಡಿಸಿ ಓದಿದ ಮಗುವಿನ ಸಂತೋಷ ನೋಡತಕ್ಕದ್ದು.

ಲೆಕ್ಕಕ್ಕೆ ಇಷ್ಟೂ ಶ್ರಮವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಜ್ಜಿಯರು ಅಳಗುಳಿ ಮಣೆಯನ್ನು ಹೊರತೆಗೆಯಲಿ. ಹದಿನಾಲ್ಕು ಗುಳಿ, ಗುಳಿಗೆ ಐದು ಹುಣಸೆಬೀಜ. ಒಟ್ಟು ಎಷ್ಟೆಂದು ಮಗುವೇ ಎಣಿಸಿ 70 ಎಂದು ಹೇಳಲಿ. ಸಂತೆಯಲ್ಲಿ ಉಳಿದ ಚಿಲ್ಲರೆಯ ಲೆಕ್ಕವನ್ನೂ ಅದಕ್ಕೇ ಬಿಡಿರಿ.

ಇನ್ನೊಂದು ಮಾತು ಹೇಳದಿರಲಾರೆ. ನಮ್ಮ ಹಲವು ಮಕ್ಕಳ ರಜೆ ಏಪ್ರಿಲ್‌ನಲ್ಲಿ ಆರಂಭವಾಗುವುದೇ ಇಲ್ಲ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೋ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋದಾಗ ಅವರ ರಜೆ ಜನವರಿಗೇ ತೊಡಗುತ್ತದೆ. ಐದು ತಿಂಗಳು ಪುಸ್ತಕ ಕಾಣದ ಮಗುವಿಗೆ ಮೇಲೆ ಹೇಳಿದ ಕಾಲು ಗಂಟೆ ಸಾಲದು. ಹೊಟ್ಟೆಪಾಡಿಗಾಗಿ ಹೋಗುವವರನ್ನು ಹೋಗಬೇಡಿರೆನ್ನಲು ನಾನಾರು? ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಮಗುವನ್ನು ಅವರಲ್ಲಿ ಬಿಟ್ಟುಹೋಗಿರಿ. ಶಾಲೆಯಲ್ಲಿ ಮಧ್ಯಾಹ್ನದ ಊಟವಿದೆ, ನಾವಿದ್ದೇವೆ. ಕರೆದುಕೊಂಡೇ ಹೋಗಬೇಕಾದರೆ ಗಂಟಿನಲ್ಲಿ ಪಾಠಪುಸ್ತಕವನ್ನೂ ಕಟ್ಟಿಕೊಳ್ಳಿರಿ, ಹೋಗುವ ಮುನ್ನ ನನಗೊಂದು ಮಾತು ತಿಳಿಸಿರಿ.

ಮೊಬೈಲಿನ ವಿಷಯ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಕನ್ನಡದ ಕಥೆಗಳು ಇವೆ, ಒಪ್ಪುತ್ತೇನೆ. ಆದರೆ ನೋಡುವ ಮಗು ಓದುವುದಿಲ್ಲ. ಅದೇ ಕಥೆಯನ್ನು ಅಜ್ಜಿ ಹೇಳಿದರೆ ನಡುನಡುವೆ ‘ಹೂಂ’ ಎನ್ನಬೇಕಾಗುತ್ತದೆ, ಪ್ರಶ್ನೆ ಕೇಳಬೇಕೆನಿಸುತ್ತದೆ.

ಶಾಲೆಯ ಕಥೆಪುಸ್ತಕಗಳನ್ನು ರಜೆಯಲ್ಲಿ ಕಪಾಟಿನೊಳಗೆ ಬೀಗ ಹಾಕಿಡುವ ರೂಢಿಯಿದೆ. ಈ ಸಲ ಹಾಗೆ ಮಾಡುವುದಿಲ್ಲ. ನಾಳೆ ಪ್ರತಿ ಮಗುವಿಗೂ ಒಂದೊಂದು ಪುಸ್ತಕ ಕೊಟ್ಟು ಕಳುಹಿಸುತ್ತೇನೆ. ಹರಿದರೆ ಹರಿಯಲಿ, ದಂಡವಿಲ್ಲ. ರಜೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ 7ರಿಂದ 8 ಗಂಟೆಯವರೆಗೆ ಶಾಲೆಯ ಜಗಲಿಯ ಮೇಲೆ ಇರುತ್ತೇನೆ. ಓದಿದ ಪುಸ್ತಕವನ್ನು ತಂದು ಒಂದು ಪುಟ ಓದಿ ತೋರಿಸಿದವರು ಇನ್ನೊಂದನ್ನು ಒಯ್ಯಬಹುದು.