ಏಳು ಪ್ರಶ್ನಾರ್ಥಕ ಚಿಹ್ನೆಗಳು

ಬೆಳಗಾವಿಗೂ ಖಾನಾಪುರಕ್ಕೂ ಭೇದವೇನೆಂದು ಕೇಳಿದರೆ ನೀವು ನಕ್ಕೀರಿ. ಒಂದು ಜಿಲ್ಲೆಯ ಮುಖ್ಯ ನಗರ. ಇನ್ನೊಂದು ಹಂಚಿಗೆ, ಕಾಡಿಗೆ, ಮಳೆಗೆ ಹೆಸರಾದ ತಾಲ್ಲೂಕಿನ ಊರು. ಆದರೆ ನನ್ನ ಗಣಕಯಂತ್ರ ಇವೆರಡನ್ನೂ ಒಂದೇ ಮಾಡಿಬಿಟ್ಟಿತ್ತು. ಎರಡರ ಜಾಗದಲ್ಲೂ ಏಳೇಳು ಪ್ರಶ್ನಾರ್ಥಕ ಚಿಹ್ನೆಗಳು!

ಆದದ್ದಿಷ್ಟು. ಖಾನಾಪುರದ ಸುದ್ದಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಡೇಟಾಬೇಸಿನಲ್ಲಿ ಕೂಡಿಡುತ್ತಿದ್ದೆ. ತಿಂಗಳುಗಳಾದ ಮೇಲೆ ತೆರೆದು ನೋಡಿದರೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಅಷ್ಟರಲ್ಲಿ ಮೂಲಪುಟಗಳಲ್ಲಿ ಕೆಲವು ಅಂತರ್ಜಾಲದಿಂದಲೇ ಮಾಯವಾಗಿದ್ದವು.

ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ಗೊತ್ತು. 1991ರಲ್ಲಿ ಬಂದ ಯೂನಿಕೋಡ್ ನಮ್ಮ ಒಂದೊಂದು ಅಕ್ಷರಕ್ಕೂ, ಕಾಗುಣಿತದ ಒಂದೊಂದು ಗುರುತಿಗೂ ಬೇರೆ ಬೇರೆ ಅಂಕೆ ಕೊಟ್ಟಿತು. ‘ಖಾನಾಪುರ’ವನ್ನು ಬಿಡಿಸಿ ನೋಡಿ: ಖ, ನ, ಪ, ರ ನಾಲ್ಕು, ಎರಡು ಇಳಿ, ಒಂದು ಕೊಂಬು, ಒಟ್ಟು ಏಳು. ‘ಬೆಳಗಾವಿ’ಯೂ ಏಳೇ. ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದರೆ ಒಂದೊಂದಕ್ಕೆ ಮೂರು ಬೈಟು, ಎಂದರೆ ಊರಿಗೆ 21 ಬೈಟು.

ಈ ಬೈಟುಗಳನ್ನು ಪಶ್ಚಿಮ ಯುರೋಪಿನ ಲಿಪಿಗಾಗಿ ಮಾಡಿದ ಲ್ಯಾಟಿನ್-1 ಕ್ರಮದಲ್ಲಿ ತಪ್ಪಾಗಿ ಓದಿದರೆ, ತಲೆಯ ಮೇಲೆ ಗೀರು ಹೊತ್ತ ಫ್ರೆಂಚ್ ಅಕ್ಷರಗಳ ಸಂತೆಯೇ ಕಾಣುತ್ತದೆ. ಗಾಬರಿ ಬೇಡ. ಹಂಚು ಅದಲುಬದಲಾಗಿದೆ, ಒಡೆದಿಲ್ಲ. ಬೈಟುಗಳು ಕೆಡದಿದ್ದರೆ ಸರಿಯಾದ ಕ್ರಮದಲ್ಲಿ ಮತ್ತೆ ಓದಿಸಿ ಕನ್ನಡವನ್ನು ಪಡೆಯಬಹುದು. ನನಗೆ ಒದಗಿದ್ದು ಬೇರೆ. ನಾನು ಮಾಡಿದ ಕೋಷ್ಟಕವೇ ಲ್ಯಾಟಿನ್-1ರದು; ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅದು ಗುರುತಿಗೊಂದರಂತೆ ‘?’ ಬರೆದುಕೊಂಡು ಸುಮ್ಮನಾಯಿತು. ಇದು ಪುಡಿಯಾದ ಹಂಚು. ಏಳು ಚಿಹ್ನೆ ನೋಡಿ ಬೆಳಗಾವಿಯೋ ಖಾನಾಪುರವೋ ಎಂದು ಯಾವ ಪಂಡಿತ ಹೇಳಿಯಾನು?

ಈಗ ನಾನು ಇಳಿಸಿದ ಪುಟದ ಬೈಟುಗಳನ್ನು ಇದ್ದಂತೆಯೇ ಒಂದು ಪ್ರತಿ ಇಡುತ್ತೇನೆ. ಪುಟವು ತನ್ನ ಕ್ರಮ ಯಾವುದೆಂದು ಸಾಮಾನ್ಯವಾಗಿ ತಾನೇ ಹೇಳಿಕೊಂಡಿರುತ್ತದೆ, ಅದರಂತೆ ಓದಿಸುತ್ತೇನೆ. ಮೈಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕಕ್ಕೂ, ಅದಕ್ಕೆ ಹೋಗುವ ಸಂಪರ್ಕಕ್ಕೂ ‘ಯುಟಿಎಫ್8ಎಂಬಿ4’ ಎಂದೇ ಗೊತ್ತುಮಾಡಬೇಕು. ಅದರ ಹಳೆಯ ‘ಯುಟಿಎಫ್8’ ಮೂರು ಬೈಟಿನವರೆಗೆ ಮಾತ್ರ. ಕನ್ನಡ, ಮರಾಠಿ ಅದರಲ್ಲಿ ಹಿಡಿಸುತ್ತವೆ. ನಾಲ್ಕು ಬೈಟಿನ ಒಂದು ನಗುಮುಖದ ಚಿತ್ರ ನಡುವೆ ಬಂತೋ, ಬರೆಹವೇ ನಿರಾಕೃತವಾದೀತು, ಇಲ್ಲವೆ ಅಲ್ಲಿಗೇ ತುಂಡಾದೀತು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಪುಟಗಳ ಪಾಡು ಬೇರೆ. ಅವಕ್ಕೆ ಪರಿವರ್ತಕ ಬೇಕು.

ಎಲ್ಲಕ್ಕೂ ಮೊದಲು ‘ಖಾನಾಪುರ’ ಎಂಬ ಒಂದೇ ಮಾತನ್ನು ಒಳಗಿಟ್ಟು, ಹೊರತೆಗೆದು ನೋಡುತ್ತೇನೆ. ಕಳೆದುಹೋದ ಸುದ್ದಿಗಳಲ್ಲಿ ಎರಡು, ಖಾನಾಪುರದ ಸ್ನೇಹಿತರೊಬ್ಬರು ಕತ್ತರಿಸಿಟ್ಟಿದ್ದ ಪತ್ರಿಕೆಯ ತುಣುಕುಗಳಲ್ಲಿ ಸಿಕ್ಕವು. ಕೂತು ಬೆರಳಚ್ಚು ಮಾಡಿಕೊಂಡೆ. ಉಳಿದವನ್ನು ಇನ್ನೂ ಹುಡುಕುತ್ತಿದ್ದೇನೆ.