ಬೆರಳು ಒಂದನೇ ಮನೆಯಲ್ಲಿ, ಶ್ರುತಿ ಐದೂವರೆಯಲ್ಲಿ

ಮೊದಲು ಹಾಡುವ ಗಾಯಕರ ಶ್ರುತಿ ಒಂದು ಮನೆ. ಅವರ ನಂತರ ಬರುವ ಗಾಯಕಿಯದು ಐದೂವರೆ. ಸುಗಮ ಸಂಗೀತದ ವೇದಿಕೆಯಲ್ಲಿ ಇದು ಮಾಮೂಲು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಾದರೆ ಒಂದು ಗುಂಡಿ ತಿರುಗಿಸಿದರೆ ಮುಗಿಯಿತು. ಕೀಬೋರ್ಡ್ ನುಡಿಸುವವರ ಪಾಡು ಹಾಗಲ್ಲ.

ಮಾಯಾಮಾಳವಗೌಳವನ್ನೇ ನೋಡಿ. ಒಂದನೇ ಮನೆಯಿಂದ, ಅಂದರೆ ‘ಸಿ’ಯಿಂದ ಹೊರಟರೆ ಏಳು ಸ್ವರಗಳಲ್ಲಿ ಐದು ಬಿಳಿ, ರಿಷಭ ಮತ್ತು ಧೈವತ ಮಾತ್ರ ಕರಿ. ಐದೂವರೆಯಿಂದ, ಅಂದರೆ ‘ಜಿ ಶಾರ್ಪ್’ನಿಂದ ಹೊರಟರೆ ಷಡ್ಜ, ಮಧ್ಯಮ, ಪಂಚಮ ಮೂರೂ ಕರಿಗೆ ಹೋಗುತ್ತವೆ; ಕರಿಯಲ್ಲಿದ್ದ ರಿಷಭ, ಧೈವತ ಬಿಳಿಗೆ ಇಳಿಯುತ್ತವೆ. ರಾಗ ಅದೇ, ಬೆರಳಿನ ದಾರಿ ಮಾತ್ರ ಪೂರ್ತಿ ತಲೆಕೆಳಗು.

ಟ್ರಾನ್ಸ್‌ಪೋಸ್ ಗುಂಡಿ ನೆರವಿಗೆ ಬರುವುದು ಇಲ್ಲಿ. ಒಂದು ಅಂಕಿ ಏರಿಸಿದರೆ ಇಡೀ ವಾದ್ಯ ಅರ್ಧ ಸ್ವರ ಏರುತ್ತದೆ: 440 ಹರ್ಟ್ಸ್‌ನ ‘ಎ’ ಒತ್ತಿದರೆ ಸುಮಾರು 466 ಕೇಳಿಸುತ್ತದೆ. ಬಹುತೇಕ ಕೀಬೋರ್ಡ್‌ಗಳಲ್ಲಿ ಹೀಗೆ ಹನ್ನೆರಡು ಅಂಕಿ ಮೇಲೆ, ಹನ್ನೆರಡು ಕೆಳಗೆ ಹೋಗಬಹುದು. ಒಂದರಿಂದ ಐದೂವರೆಗೆ ಎಂಟು ಅರ್ಧ ಸ್ವರ. ಹಾಗೆಂದು ಪ್ಲಸ್ 8 ಇಟ್ಟರೆ ನಡುಸ್ಥಾಯಿಯ ಷಡ್ಜ 415 ಹರ್ಟ್ಸ್‌ಗೆ ಹಾರುತ್ತದೆ. ಗಾಯಕಿಯ ಆಧಾರ ಷಡ್ಜ ಇರುವುದು ಅದರ ಅರ್ಧದಲ್ಲಿ, ಸುಮಾರು 208ರಲ್ಲಿ. ಅದಕ್ಕೆ ಮೈನಸ್ 4 ಇಡಬೇಕು.

ಇದನ್ನು ಕಳ್ಳದಾರಿ ಎನ್ನುವವರು ಇರ್ವಿಂಗ್ ಬರ್ಲಿನ್‌ನನ್ನು ನೆನೆಯಬೇಕು. ‘ವೈಟ್ ಕ್ರಿಸ್‌ಮಸ್’ ಬರೆದ ಈ ಅಮೆರಿಕನ್ನನ ಕೈ ಓಡುತ್ತಿದ್ದದ್ದು ಹೆಚ್ಚಾಗಿ ‘ಎಫ್ ಶಾರ್ಪ್’ನ ಕರಿ ಮನೆಗಳ ಮೇಲೆ. ಬೇರೆ ಶ್ರುತಿ ಬೇಕಾದಾಗ ಸನ್ನೆ ಎಳೆದು ಶ್ರುತಿ ಬದಲಿಸುವ ಪಿಯಾನೊ ಇಟ್ಟುಕೊಂಡಿದ್ದ. ಅಂಥದೊಂದು ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನಮ್ಮ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಮಾಡುವುದೂ ಇದನ್ನೇ: ಮನೆಗಳ ಸಾಲು ಪಕ್ಕಕ್ಕೆ ಸರಿದು ಬೇರೆ ರೀಡುಗಳ ಮೇಲೆ ಕೂರುತ್ತದೆ.

ಆದರೆ ಕಲಿಯುವವರ ಮಾತು ಬೇರೆ. ಎಲ್ಲವನ್ನೂ ‘ಸಿ’ಯಲ್ಲೇ ಅಭ್ಯಾಸ ಮಾಡಿದವರು ಮಾಮೂಲಿ ಪಿಯಾನೊ ಮುಂದೆ ಕೂತರೆ ಕೈಕಟ್ಟಿದಂತಾಗುತ್ತದೆ.

ಪಕ್ಕವಾದ್ಯದವರಿಗೆ ಅಂಕಿ ಹೇಳದಿದ್ದರೆ ಫಜೀತಿ. ಕೀಬೋರ್ಡಿನವರ ಬೆರಳು ನೋಡಿ ಗಿಟಾರಿನವರು ‘ಸಿ’ ಕಾರ್ಡ್ ಹಿಡಿಯುತ್ತಾರೆ, ಸ್ಪೀಕರಿನಲ್ಲಿ ‘ಜಿ ಶಾರ್ಪ್’ ಮೊಳಗುತ್ತಿರುತ್ತದೆ. ಕೊಳಲು ಕೂದಲೆಳೆಯಷ್ಟು ಏರಿಳಿದಿದ್ದರೆ ಈ ಗುಂಡಿ ಉಪಯೋಗಕ್ಕೆ ಬಾರದು. ಅದಕ್ಕೆ ಟ್ಯೂನಿಂಗ್ ಎಂಬ ಬೇರೆಯೇ ವ್ಯವಸ್ಥೆ ಇದೆ.

ಕೆಲವು ಸಿನಿಮಾ ಹಾಡುಗಳು ಕೊನೆಯ ಚರಣಕ್ಕೆ ಅರ್ಧ ಸ್ವರ ಮೇಲೇರುತ್ತವೆ. ಆಗ ಹಾಡಿನ ನಡುವೆಯೇ ಟ್ರಾನ್ಸ್‌ಪೋಸ್ ಗುಂಡಿ ಒತ್ತಬೇಕು. ಹಲವು ಮಾದರಿಯ ಕೀಬೋರ್ಡ್‌ಗಳಲ್ಲಿ, ಆ ಹೊತ್ತಿಗೆ ಒತ್ತಿ ಹಿಡಿದ ಸ್ವರ ಹಳೆಯ ಶ್ರುತಿಯಲ್ಲೇ ಉಳಿದು, ಮುಂದೆ ಒತ್ತಿದ್ದು ಮಾತ್ರ ಹೊಸದಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ಮೊಳಗಿದರೆ ಕಿವಿ ಮುಚ್ಚಿಕೊಳ್ಳಬೇಕು. ಪಳಗಿದವರು ಎರಡೂ ಕೈ ಎತ್ತಿ, ತಬಲಾದ ಮುಕ್ತಾಯ ನಡೆಯುವಾಗ ಪ್ಲಸ್ ಒತ್ತುತ್ತಾರೆ. ಹಾಡು ಮುಗಿದು ಚಪ್ಪಾಳೆ ಕೇಳುತ್ತಿರುವಾಗಲೇ ಅಂಕಿಯನ್ನು ಮತ್ತೆ ಸೊನ್ನೆಗೆ ತಂದಿಡುತ್ತಾರೆ.