ಧೂಳು ನುಂಗುವ ಆನೆಮರಿ

ಹುಣಸೂರಿನ ನಮ್ಮ ಹಳೇ ಮನೆಯ ಅಟ್ಟದಲ್ಲಿ ಒಂದು ಆನೆಮರಿ ಇದೆ. ಹುಲ್ಲು ತಿನ್ನುವುದಿಲ್ಲ, ಲದ್ದಿ ಹಾಕುವುದಿಲ್ಲ, ಘೀಳಿಡುವುದು ಮಾತ್ರ ಚೆನ್ನಾಗಿ ಗೊತ್ತು. ಕೊಡದಷ್ಟು ಗಾತ್ರದ ಡಬ್ಬದಂಥ ಮೈ, ಕೆಳಗೆ ಪುಟ್ಟ ಚಕ್ರಗಳು, ಮುಂದೆ ನೆರಿಗೆ ನೆರಿಗೆಯ ಉದ್ದನೆ ಸೊಂಡಿಲು, ಹಿಂದೆ ಬಾಲದ ಹಾಗೆ ಕರೆಂಟಿನ ವೈರು. ಅಂಗಡಿಯವರ ಬಾಯಲ್ಲಿ ಅದು ವ್ಯಾಕ್ಯೂಮ್ ಕ್ಲೀನರ್. ಆನೆಮರಿ ಅಂತ ಹೆಸರಿಟ್ಟವರು ನಮ್ಮಜ್ಜಿ. ಅವರ ತೌರು ಎಚ್.ಡಿ. ಕೋಟೆ ಕಡೆ. ಬೇಸಿಗೆಯಲ್ಲಿ ಕಬಿನಿಗೆ ಇಳಿಯುವ ಆನೆಗಳನ್ನು ನೋಡಿಕೊಂಡೇ ಬೆಳೆದವರು.

ಆನೆ ನೀರು ಕುಡಿಯುವುದನ್ನು ಗಮನಿಸಿದ್ದೀರಾ? ಸೊಂಡಿಲಿನಿಂದ ಕುಡಿಯುವುದಿಲ್ಲ ಅದು. ಸೊಂಡಿಲಿನ ಒಳಕ್ಕೆ ನೀರು ಎಳೆದುಕೊಂಡು, ಆಮೇಲೆ ಸೊಂಡಿಲನ್ನು ಮಡಚಿ ಬಾಯಿಗೆ ಸುರಿದುಕೊಳ್ಳುತ್ತದೆ. ನಮ್ಮ ಆನೆಮರಿಗೆ ನೀರಿನ ಬದಲು ಧೂಳು, ಬಾಯಿಯ ಬದಲು ಹೊಟ್ಟೆಯೊಳಗೊಂದು ಚೀಲ. ಬನ್ನಿ, ಇವತ್ತು ಇದನ್ನು ಅಟ್ಟದಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಏನಿದೆ ನೋಡೋಣ. ಪ್ಲಗ್ಗನ್ನು ನಾನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಮೊದಲು ಇದು ಇದ್ದದ್ದು ಮೈಸೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ. 1982ರಲ್ಲಿ ಯುರೇಕಾ ಫೋರ್ಬ್ಸ್ ಅನ್ನುವ ಕಂಪನಿ ಶುರುವಾಯಿತು. ಯುರೋಕ್ಲೀನ್ ಅನ್ನುವ ತನ್ನ ಯಂತ್ರವನ್ನು ಮಾರಲು ಮನೆಮನೆಗೆ ಹುಡುಗರನ್ನೇ ಕಳಿಸುತ್ತಿತ್ತು. ಕುತ್ತಿಗೆಗೆ ಟೈ, ಕೈಯಲ್ಲಿ ದೊಡ್ಡ ಪೆಟ್ಟಿಗೆ. ಚಿಕ್ಕಪ್ಪನ ಮನೆಗೆ ಅಂಥ ಒಬ್ಬ ಬಂದ ದಿನ ಅಜ್ಜಿಯ ಜೊತೆ ನಾನೂ ಅಲ್ಲಿದ್ದೆ. ಆತ ಸೊಂಡಿಲಿನ ದಾರಿಗೆ ಅಡ್ಡಲಾಗಿ ಒಂದು ಬಿಳೀ ಬಟ್ಟೆ ಸಿಕ್ಕಿಸಿ, ಸ್ವಿಚ್ಚು ಹಾಕಿ, ಹಾಸಿಗೆಯ ಮೇಲೆ ನಾಲ್ಕು ಸಲ ಆಡಿಸಿದ. ಬಟ್ಟೆ ತೆಗೆದರೆ ಅದರ ಮೇಲೆ ರೊಟ್ಟಿ ಸೀದ ಹಾಗೆ ದುಂಡನೆಯ ಬೂದುಬಣ್ಣದ ಗುರುತು. ಎಲ್ಲರೂ "ಅಬ್ಬಾ" ಅಂದರು. ಅಜ್ಜಿಗೆ ಮಾತ್ರ ಸಿಟ್ಟು ಬಂತು. "ನಮ್ಮನೆ ಹಾಸಿಗೆ ಗಲೀಜು ಅಂತ ಹೇಳಕ್ಕೆ ಇಷ್ಟು ದೂರ ಬಂದ್ಯೇನಪ್ಪಾ?" ಅಂದರು. ಆದರೂ ಚಿಕ್ಕಪ್ಪ ಯಂತ್ರ ಕೊಂಡರು. ಅವರು ಹೊಸದು ತಂದಾಗ ಹಳೆಯದು ಬಸ್ಸಿನ ಮೇಲೆ ಕೂತು ಹುಣಸೂರಿಗೆ ಬಂತು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತ ಪ್ರಶ್ನೆ ಒಂದೇ. ಹಾಸಿಗೆಯ ಒಳಗಿದ್ದ ಧೂಳನ್ನು ಯಾರು ಎಳೆದರು? ಸೊಂಡಿಲಿನೊಳಗೆ ಕೊಕ್ಕೆ ಇಲ್ಲ, ಹಗ್ಗ ಇಲ್ಲ, ಕೈ ಇಲ್ಲ.

ಉತ್ತರ ಎಳನೀರಿನ ಅಂಗಡಿಯಲ್ಲಿದೆ. ನೀವು ಸ್ಟ್ರಾ ಬಾಯಿಗಿಟ್ಟು ಎಳನೀರು ಎಳೆಯುತ್ತೀರಿ, ಅಲ್ಲವೇ? ನಿಜ ಹೇಳಬೇಕೆಂದರೆ ನೀವು ಎಳೆಯುತ್ತಲೇ ಇಲ್ಲ. ಸ್ಟ್ರಾದೊಳಗಿನ ಗಾಳಿಯನ್ನು ಬಾಯಿಗೆ ತೆಗೆದುಕೊಂಡು ಅಲ್ಲಿ ಸ್ವಲ್ಪ ಜಾಗ ಖಾಲಿ ಮಾಡುತ್ತೀರಿ, ಅಷ್ಟೆ. ಹೊರಗಿನ ಗಾಳಿ ಎಳನೀರನ್ನು ಮೇಲಿನಿಂದ ಒತ್ತುತ್ತಲೇ ಇರುತ್ತದೆ. ಖಾಲಿ ಜಾಗ ಕಂಡ ಕೂಡಲೇ ಅದು ನೀರನ್ನು ಆ ಕಡೆಗೆ ತಳ್ಳಿಬಿಡುತ್ತದೆ.

ಗಾಳಿ ಒತ್ತುತ್ತದೆಯೇ? ನಮಗೇನೂ ಗೊತ್ತಾಗುವುದಿಲ್ಲವಲ್ಲ ಅನ್ನುತ್ತೀರಿ. ಕಬಿನಿ ಹಿನ್ನೀರಿನ ತಳದಲ್ಲಿರುವ ಮೀನನ್ನು ನೆನೆಸಿಕೊಳ್ಳಿ. ಅದರ ಮೇಲೆ ಅಷ್ಟೆತ್ತರ ನೀರು ಕೂತಿದೆ. ನಮ್ಮ ಮೇಲೂ ಹಾಗೆಯೇ, ಎಷ್ಟೋ ಕಿಲೋಮೀಟರ್ ಎತ್ತರದವರೆಗೆ ಗಾಳಿ ಕೂತಿದೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಅದರ ಭಾರ ಹೆಚ್ಚುಕಡಿಮೆ ಒಂದು ಕಿಲೋ ಸಕ್ಕರೆ ಪೊಟ್ಟಣದಷ್ಟು. ನಮ್ಮ ಹುಣಸೂರು ಸಮುದ್ರಕ್ಕಿಂತ ತುಂಬಾ ಎತ್ತರದಲ್ಲಿ ಇರುವುದರಿಂದ ಒಂದು ಹಿಡಿ ಸಕ್ಕರೆ ಕಡಿಮೆ ಅಂದುಕೊಳ್ಳಿ. ನಮ್ಮ ಮೈಯ ಒಳಗಿನಿಂದಲೂ ಅಷ್ಟೇ ಬಲದ ಒತ್ತು ಇರುವುದರಿಂದ ನಾವು ಅಪ್ಪಚ್ಚಿಯಾಗುವುದಿಲ್ಲ.

ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಎರಡು ಸ್ಟ್ರಾ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಬಾಯಲ್ಲಿಟ್ಟುಕೊಳ್ಳಿ. ಒಂದರ ತುದಿ ಮಜ್ಜಿಗೆ ಲೋಟದ ಒಳಗೆ, ಇನ್ನೊಂದರ ತುದಿ ಲೋಟದ ಹೊರಗೆ. ಈಗ ಕುಡಿಯಿರಿ. ಕೆನ್ನೆ ಎಷ್ಟು ಒಳಗೆ ಹೋದರೂ ಮಜ್ಜಿಗೆ ಬರುವುದಿಲ್ಲ! ಹೊರಗಿನ ಸ್ಟ್ರಾದಿಂದ ಗಾಳಿ ನುಗ್ಗಿ, ನೀವು ಖಾಲಿ ಮಾಡಿದ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಆನೆಮರಿಯ ಸೊಂಡಿಲು ಎಲ್ಲಾದರೂ ಹರಿದರೆ ಅದೂ ಹೀಗೆಯೇ ಸೋಲುತ್ತದೆ. ನಮ್ಮದು ಮಧ್ಯದಲ್ಲಿ ಬಿರುಕು ಬಿಟ್ಟಿತ್ತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದ ಮೇಲೆ ಮತ್ತೆ ಬಲ ಬಂತು.

ಯಂತ್ರಕ್ಕೆ ಬಾಯಿ ಇಲ್ಲವಲ್ಲ, ಗಾಳಿಯನ್ನು ಖಾಲಿ ಮಾಡುವವರು ಯಾರು? ಹಿಂಬದಿಯ ಕ್ಲಿಪ್ಪು ಬಿಚ್ಚೋಣ. ಅಗೋ, ತಟ್ಟೆಯಂಥ ಒಂದು ಫ್ಯಾನು, ಅದಕ್ಕೆ ಅಂಟಿಕೊಂಡ ಮೋಟಾರು. ನಿಮ್ಮ ಶಾಲೆಯ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೆ ನಿಮಿಷಕ್ಕೆ ಮುನ್ನೂರು ನಾನ್ನೂರು ಸುತ್ತು. ಈ ಪುಟ್ಟ ಫ್ಯಾನು ಹತ್ತು ಸಾವಿರಕ್ಕೂ ಹೆಚ್ಚು! ಗಾಳಿಯನ್ನು ಹಿಂದಕ್ಕೆ ಎಸೆಯುತ್ತಲೇ ಇರುತ್ತದೆ. ಹೊಟ್ಟೆಯೊಳಗೆ ಗಾಳಿ ತೆಳುವಾಗುತ್ತದೆ. ಹೊರಗಿನ ಗಾಳಿ ಸೊಂಡಿಲಿನ ಬಾಯಿಂದ ನುಗ್ಗಿ ಬರುತ್ತದೆ. ಬರುವಾಗ ದಾರಿಯಲ್ಲಿದ್ದ ಧೂಳನ್ನೂ ಕರೆದುಕೊಂಡು ಬರುತ್ತದೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಬೇಡವೆಂದರೂ ನಮ್ಮನ್ನು ತೇರಿನ ಹತ್ತಿರಕ್ಕೆ ಕೊಂಡೊಯ್ಯುವ ಜನರ ಹಾಗೆ.

ಒಳಗೆ ಬಂದ ಧೂಳು ಮತ್ತೆ ಹಿಂದಿನಿಂದ ಆಚೆಗೆ ಹೋಗಬಾರದಲ್ಲ. ಅದಕ್ಕೇ ನಡುವೆ ಬಟ್ಟೆಯ ಚೀಲ. ಕಾಫಿ ಶೋಧಿಸುವ ಬಟ್ಟೆಯ ಕೆಲಸವೇ ಇದರದ್ದೂ. ಡಿಕಾಕ್ಷನ್ ಇಳಿಯುತ್ತದೆ, ಚರಟ ಉಳಿಯುತ್ತದೆ. ಇಲ್ಲಿ ಗಾಳಿ ಹೋಗುತ್ತದೆ, ಧೂಳು ಉಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಘೀಳು! ಸೊಂಡಿಲಿನ ಬಾಯಿಗೆ ಅಂಗೈ ಅಡ್ಡ ಹಿಡಿದರೆ ಯಂತ್ರದ ಸದ್ದು ಊಂ ಎನ್ನುವುದು ಈಂ ಆಗಿಬಿಡುತ್ತದೆ. ಪಾಪ, ಉಸಿರು ಕಟ್ಟಿ ಕಷ್ಟಪಟ್ಟು ಕಿರುಚುತ್ತಿದೆ ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ. ನಿಜ ತಿರುಗಾಮುರುಗಾ. ಬಾಯಿ ಮುಚ್ಚಿದಾಗ ಒಳಗೆ ಗಾಳಿ ಬರುವುದಿಲ್ಲ, ಫ್ಯಾನಿಗೆ ಎಸೆಯಲು ಗಾಳಿಯೇ ಇಲ್ಲ, ಕೆಲಸ ಹಗುರವಾಯಿತು. ಹಗುರವಾದದ್ದಕ್ಕೇ ಅದು ಇನ್ನೂ ಜೋರಾಗಿ ತಿರುಗುತ್ತದೆ, ಸದ್ದು ಮೇಲಕ್ಕೇರುತ್ತದೆ. ಕೆ.ಆರ್. ನಗರದ ಮಿಲ್ಲಿನಲ್ಲಿ ಭತ್ತದ ಮೂಟೆ ಇಳಿಸಿ ಖಾಲಿ ಗಾಡಿಯಲ್ಲಿ ಊರಿಗೆ ಹೊರಟ ಎತ್ತುಗಳು ಕುತ್ತಿಗೆ ಗಂಟೆ ಆಡಿಸುತ್ತಾ ಓಡುವುದಿಲ್ಲವೇ, ಹಾಗೆ. ಆದರೆ ತುಂಬಾ ಹೊತ್ತು ಮುಚ್ಚಿ ಹಿಡಿಯಬಾರದು. ಆ ಗಾಳಿಯೇ ಮೋಟಾರನ್ನು ತಣ್ಣಗೆ ಇಡುವುದು.

ಇದನ್ನೆಲ್ಲ ಮೊದಲು ಯೋಚಿಸಿದವರು ಯಾರು? ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನುವ ಎಂಜಿನಿಯರ್ ಇದ್ದರು. ಧೂಳನ್ನು ಗಾಳಿ ಊದಿ ಹಾರಿಸುವ ಒಂದು ಯಂತ್ರವನ್ನು ಅವರು ನೋಡಿದರು. ಹಾರಿದ ಧೂಳು ಮತ್ತೆ ಬಂದು ಕೂರುತ್ತದಲ್ಲ, ಊದುವ ಬದಲು ಹೀರಿದರೆ ಹೇಗೆ ಅಂತ ಅವರಿಗೆ ಅನ್ನಿಸಿತು. ಹೋಟೆಲಿನಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರ್ಚೀಫು ಹಾಸಿ, ಬಾಯಿಟ್ಟು ಹೀರಿಯೇಬಿಟ್ಟರು! ಕೆಮ್ಮು ಬಂತು. ಕರ್ಚೀಫಿನ ಮೇಲೆ ಧೂಳಿನ ಗುರುತೂ ಬಂತು. ಚಿಕ್ಕಪ್ಪನ ಮನೆಯ ಬಿಳೀ ಬಟ್ಟೆ ನೆನಪಾಯಿತೇ? (ನೀವು ಬಾಯಿಟ್ಟು ಹೀರಲು ಹೋಗಬೇಡಿ, ಮನೆಯಲ್ಲಿ ನನಗೆ ಬೈಗುಳ ಬೀಳುತ್ತದೆ.)

1901ರಲ್ಲಿ ಬೂತ್ ಮಾಡಿದ ಯಂತ್ರ ಮನೆಯೊಳಗೆ ಹಿಡಿಸುತ್ತಿರಲಿಲ್ಲ. ಕುದುರೆಗಾಡಿಯ ಮೇಲೆ ಕೂತು ಬರುತ್ತಿತ್ತು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. ಅದರ ಆರ್ಭಟಕ್ಕೆ ದಾರಿಯ ಕುದುರೆಗಳು ಬೆದರುತ್ತಿದ್ದವಂತೆ. ಮುಂದಿನ ವರ್ಷ ಅಲ್ಲಿನ ರಾಜ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಯನ್ನು ಗುಡಿಸಿದ್ದೂ ಇದೇ ಯಂತ್ರ.

ಅದನ್ನು ಒಬ್ಬರೇ ಎತ್ತುವಷ್ಟು ಚಿಕ್ಕದು ಮಾಡಿದವರಲ್ಲಿ ಒಬ್ಬರು ಅಮೆರಿಕದ ಓಹಾಯೋದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ, ಜೊತೆಗೆ ಉಬ್ಬಸ. ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಿಂದ ಇಳಿಸಿದ ಹೊಗೆಸೊಪ್ಪನ್ನು ವಿಂಗಡಿಸಿದ ಮೇಲೆ ನೆಲ ಗುಡಿಸಿದವರಿಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಸೀನು ನಿಲ್ಲುವುದೇ ಇಲ್ಲ! ಸ್ಪ್ಯಾಂಗ್ಲರ್ ಒಂದು ಫ್ಯಾನಿನ ಮೋಟಾರು, ಪೊರಕೆ ಹಿಡಿ, ಸೋಪಿನ ಡಬ್ಬ, ಧೂಳು ಹಿಡಿಯಲು ದಿಂಬಿನ ಚೀಲ ಇಷ್ಟನ್ನೇ ಜೋಡಿಸಿದರು. 1908ರಲ್ಲಿ ಪೇಟೆಂಟು ಸಿಕ್ಕಿತು. ಅದನ್ನು ಕೊಂಡವರು ಹೂವರ್ ಅನ್ನುವ ಚರ್ಮದ ವ್ಯಾಪಾರಿ. ಕುದುರೆಯ ಜೀನು, ಗಾಡಿಯ ಪಟ್ಟಿ ಮಾಡುತ್ತಿದ್ದರು. ಕಾರುಗಳು ಬಂದು ಕುದುರೆ ಕಡಿಮೆಯಾದಂತೆ ಬೇರೆ ದಾರಿ ಹುಡುಕಬೇಕಿತ್ತು. ನಮ್ಮ ಹುಣಸೂರಿನಲ್ಲೂ ಹಿಂದೆ ಸರ್ಕಾರದ ಚರ್ಮದ ಕಾರ್ಖಾನೆ ಇತ್ತು, ಸೈನ್ಯಕ್ಕೆ ಬೇಕಾದ ಜೀನು, ಬೂಟುಗಳಿಗೆ ಹೆಸರಾಗಿತ್ತು. ನಮ್ಮೂರಿನ ಯಾರಿಗಾದರೂ ಒಂದು ದಿಂಬಿನ ಚೀಲ ಸಿಕ್ಕಿದ್ದರೆ ಅಂತ ನಾನು ಒಮ್ಮೊಮ್ಮೆ ಸುಮ್ಮನೆ ಯೋಚಿಸುತ್ತೇನೆ.

ಚೀಲವೇ ಬೇಡ ಅಂದವರೂ ಇದ್ದಾರೆ. ಕೆ.ಆರ್. ನಗರದ ಅಕ್ಕಿ ಮಿಲ್ಲಿನ ಹತ್ತಿರ ಹೋದರೆ ಮೇಲೆ ತಗಡಿನ ದೊಡ್ಡ ಆಲಿಕೆ ಕಾಣುತ್ತದೆ ನೋಡಿ. ತೌಡು ಬೆರೆತ ಗಾಳಿ ಅದರೊಳಗೆ ಪಕ್ಕದಿಂದ ನುಗ್ಗಿ ಗಿರಗಿರ ಸುತ್ತುತ್ತದೆ. ಬಸ್ಸು ತಿರುವಿನಲ್ಲಿ ಜೋರಾಗಿ ತಿರುಗಿದರೆ ನೀವು ಕಿಟಕಿಗೆ ಒತ್ತಿಕೊಳ್ಳುತ್ತೀರಲ್ಲ, ಹಾಗೆ ತೌಡು ತಗಡಿಗೆ ಒತ್ತಿಕೊಂಡು, ಜಾರಿ ಕೆಳಗೆ ಬೀಳುತ್ತದೆ. ಹಗುರಾದ ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ಇಂಥದೇ ಆಲಿಕೆಯನ್ನು ಮರ ಕೊಯ್ಯುವ ಮಿಲ್ಲಿನಲ್ಲಿ ನೋಡಿದ ಇಂಗ್ಲೆಂಡಿನ ಜೇಮ್ಸ್ ಡೈಸನ್, ಅದನ್ನು ಮನೆಯ ಯಂತ್ರದೊಳಗೆ ಕೂರಿಸಲು ಹೊರಟರು. 5,126 ಮಾದರಿಗಳು ಕೈಕೊಟ್ಟವು. 5,127ನೆಯದು ಸರಿಹೋಯಿತು.

ಹೀಗೆ ಬಂದು ಹೋದ ಯಂತ್ರಗಳನ್ನು ಹುಡುಕಿ, ರಿಪೇರಿ ಮಾಡಿ, ಮನೆ ತುಂಬಾ ಇಟ್ಟುಕೊಳ್ಳುವ ಜನ ಅಮೆರಿಕ, ಇಂಗ್ಲೆಂಡಿನಲ್ಲಿದ್ದಾರೆ. ಕಣ್ಣು ಮುಚ್ಚಿ ಬರೀ ಸದ್ದು ಕೇಳಿ ಇದು ಇಂಥ ಕಾಲದ್ದು ಅನ್ನುತ್ತಾರೆ. ಮಿಸೌರಿಯ ಸೇಂಟ್ ಜೇಮ್ಸ್ ಅನ್ನುವ ಊರಿನಲ್ಲಿ ಇವಕ್ಕೇ ಒಂದು ವಸ್ತುಸಂಗ್ರಹಾಲಯ ಇದೆ. ಈ ಜನ ಅಕ್ಕರೆಯಿಂದ ಹುಡುಕುವ ಒಂದು ಯಂತ್ರದ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 1950ರ ದಶಕದಲ್ಲಿ ಹೂವರ್ ಕಂಪನಿ ಕಾನ್‌ಸ್ಟೆಲ್ಲೇಶನ್ ಅಂತ ಚೆಂಡಿನಂಥ ಯಂತ್ರ ಮಾಡಿತ್ತು. ಅದಕ್ಕೆ ಚಕ್ರವೇ ಬೇಡ! ಹೊರಗೆ ಹೋಗುವ ಗಾಳಿಯನ್ನು ತನ್ನ ಕೆಳಕ್ಕೇ ಊದಿಕೊಂಡು, ನೆಲದಿಂದ ಕೂದಲೆಳೆಯಷ್ಟು ಎದ್ದು ತೇಲುತ್ತಿತ್ತು. ಅನ್ನ ಕುದಿಯುವಾಗ ಹಬೆಗೆ ಮುಚ್ಚಳ ಏಳುತ್ತದಲ್ಲ, ಹಾಗೆ.

ಕಸದ ಯಂತ್ರಕ್ಕೆ ಇಷ್ಟು ಪ್ರೀತಿಯೇ ಅಂತ ನಗಬೇಡಿ. ಮೈಸೂರಿನ ಮಾನಸಗಂಗೋತ್ರಿಗೆ ಹೋದಾಗ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ನೋಡಿ. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿಹಳ್ಳಿ ಸುತ್ತಿ, ಜನ ಮೂಲೆಗೆಸೆದ ಮನೆಸಾಮಾನುಗಳನ್ನು ತಂದು ಜೋಡಿಸಿದ ಜಾಗ ಅದು. ನಮ್ಮಜ್ಜಿಯ ಮೊರವೂ ಗಾಳಿಯ ಯಂತ್ರವೇ ತಾನೆ? ಕೇರಿದರೆ ಕಾಳು ಉಳಿಯುತ್ತಿತ್ತು, ಹೊಟ್ಟು ಹಾರುತ್ತಿತ್ತು. ಅದಕ್ಕೆ ಪ್ಲಗ್ಗು ಇರಲಿಲ್ಲ, ಅಷ್ಟೆ.

ಹಳೆಯ ಯಂತ್ರದಲ್ಲಿ ನನಗೆ ಇಷ್ಟವಾಗುವುದು ಇದು: ಕ್ಲಿಪ್ಪು ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇಲ್ಲಿ ಬಾಯಿ, ಇಲ್ಲಿ ಹೊಟ್ಟೆ, ಇಲ್ಲಿ ಫ್ಯಾನು. ಈಗಿನ ಕೆಲವನ್ನು ಬಿಚ್ಚಲು ಸ್ಕ್ರೂವೇ ಸಿಗುವುದಿಲ್ಲ.

ಹೋದ ಬೇಸಿಗೆಯಲ್ಲಿ ಆ ಬಟ್ಟೆಯ ಚೀಲವನ್ನು ಹಿತ್ತಲಿಗೆ ಒಯ್ದು, ಹಳೇ ಪೇಪರಿನ ಮೇಲೆ ಕೊಡವಿದೆ. ಮೈಸೂರಿನ ಮನೆಯ ಧೂಳು ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಒಳಗೆ ಕೆಂಪು ದಾರ, ಒಂದು ಬೆಂಕಿಕಡ್ಡಿ, ಚಿಕ್ಕಮ್ಮನ ಟಿಕ್ಲಿ, ಒಂದು ಉದ್ದನೆಯ ಬಿಳೀ ಕೂದಲು. ಅದು ಅಜ್ಜಿಯದೇ ಇರಬೇಕು. ಕೊನೆಗೆ ಟಿಣ್ ಅಂತ ಬಿತ್ತು, ಆರು ಮೂಲೆಯ ಇಪ್ಪತ್ತು ಪೈಸೆ. ಅಲ್ಯೂಮಿನಿಯಮ್ಮಿನದು, ತೀರಾ ಹಗುರ, ಅದಕ್ಕೇ ಗಾಳಿಗೆ ಎದ್ದು ಬಂದಿದೆ.

ಸಂತೋಷ ತಡೆಯಲಾರದೆ ಚಿಕ್ಕಪ್ಪನಿಗೆ ಫೋನು ಮಾಡಿ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಂತ್ರ ಕೊಟ್ಟಿದ್ದೀನಿ ಕಣೋ, ದುಡ್ಡು ಕೊಟ್ಟಿಲ್ಲ. ಬರುವಾಗ ತಗೊಂಡು ಬಾ" ಅಂದರು.